ನೀಲಿ ಹೊಗೆ ಬಿಟ್ಟ ದಸರಾ

ಅಯ್ಯೋ, ಆ ಹೊಗೆ ನೆನೆಸಿಕೊಂಡರೆ ನನಗೆ ಈಗಲೂ ನಗು ತಡೆಯೋಕಾಗಲ್ಲ. ಕುವೆಂಪುನಗರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ನಾನು ಕಾರು ಹೊರಗೆ ತೆಗೆದರೆ ಸಾಕು, ಎದುರುಮನೆಯಾಕೆ ತಂತಿ ಮೇಲಿನ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಓಡುತ್ತಿದ್ದರು. ಹಾಲಿನ ಬೂತಿನ ಮುಂದೆ ನಿಂತವರು ಟವಲು ಮೂಗಿಗೆ ಹಿಡಿಯುತ್ತಿದ್ದರು. ಒಂದು ಸಲ ಬೀದಿಯ ಮಕ್ಕಳೆಲ್ಲ ಸೊಳ್ಳೆಗೆ ಹೊಗೆ ಹೊಡೆಯೋ ಗಾಡಿ ಬಂತು ಅಂದುಕೊಂಡು ಕುಣೀತಾ, ಕಿರುಚ್ತಾ ಮುಖ್ಯರಸ್ತೆವರೆಗೂ ನನ್ನ ಹಿಂದೆ ಓಡಿಬಂದವು. ನಾನು ಗಾಜು ಇಳಿಸಿ ಬೈದರೆ ಇನ್ನೂ ಜೋರಾಗಿ ಕುಣಿದವು.

ನಾನು ಆಗ ಸಿದ್ಧಾರ್ಥನಗರದ ಒಂದು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಮ್ಮ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಕಾರು ತೊಂಬತ್ತರ ದಶಕದ್ದು, ಡೀಸೆಲ್ಲು, ಅದರಲ್ಲೂ ಟರ್ಬೊ. ವರ್ಗವಾಗಿ ಹೋಗುತ್ತಿದ್ದ ಒಬ್ಬ ಎಂಜಿನಿಯರ್ ಹತ್ತಿರ ನಮ್ಮ ಯಜಮಾನರು ಆಸೆಪಟ್ಟು ತಗೊಂಡಿದ್ದರು. ತಗೊಂಡು ಒಂದು ಸಲ ಓಡಿಸಿದರು ನೋಡಿ, ಅದು ಎಳೆದ ರಭಸಕ್ಕೆ ಬೆವರಿಹೋಗಿ, ‘ನಂಗೆ ಸ್ಕೂಟರೇ ಸಾಕು ಮಾರಾಯ್ತಿ’ ಅಂತ ಬೀಗದಕೈ ನನ್ನ ಕೈಗೆ ಹಾಕಿದರು. ಅಲ್ಲಿಂದ ಅದು ನನ್ನದಾಯ್ತು. ಬೇರೆ ಯಾವ ಒಡವೆ ಕೊಟ್ಟಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಟರ್ಬೊ ಅಂದರೇನು ಅಂತ ನಮ್ಮ ಅತ್ತೆ ಒಂದು ದಿನ ಕೇಳಿದರು. ‘ಎಂಜಿನ್ನಿಂದ ಹೊರಗೆ ಹೋಗೋ ಹೊಗೆ ಇದೆಯಲ್ಲ ಅತ್ತೆ, ಅದು ಹೋಗೋ ದಾರೀಲಿ ಒಂದು ಪುಟ್ಟ ಚಕ್ರ ತಿರುಗಿಸಿ ಹೋಗುತ್ತೆ. ಆ ಚಕ್ರ ಹೊರಗಿನ ಗಾಳೀನ ಎಂಜಿನ್ನಿಗೆ ಒತ್ತಿ ತುಂಬುತ್ತೆ’ ಅಂದೆ. ‘ಹೋಗೋ ಹೊಗೆ ಕೈಲೂ ಕೆಲಸ ಮಾಡಿಸ್ಕೊಳ್ಳುತ್ತಾ? ಜಾಣ ಗಾಡಿ ಕಣಮ್ಮ’ ಅಂದು ಅವರು ಸೊಪ್ಪು ಬಿಡಿಸೋಕೆ ಕೂತರು. ನನಗಂತೂ ಆ ಚಕ್ರದ ಮೇಲೆ ಪ್ರಾಣ. ರಿಂಗ್ ರೋಡಿಗೆ ಬಂದು ಕಾಲು ಒತ್ತಿದರೆ ಮೊದಲು ಏನೂ ಆಗಲ್ಲ. ಒಂದು ಉಸಿರು ತಗೊಳ್ಳುವಷ್ಟು ಹೊತ್ತು ಸುಮ್ಮನೆ. ಆಮೇಲೆ ಸಣ್ಣಗೆ ಶಿಳ್ಳೆ ಹೊಡೆದು ಬೆನ್ನಿಗೆ ಕೈಕೊಟ್ಟು ನೂಕಿದ ಹಾಗೆ ಎಳೆಯುತ್ತೆ ನೋಡಿ! ನಾನು ಒಬ್ಬಳೇ ಇದ್ದಾಗ ಪ್ರತಿಸಲ ‘ಓಹೋ’ ಅಂತ ಕೂಗುತ್ತಿದ್ದೆ. ಹೈಸ್ಕೂಲು ಮಕ್ಕಳಿಗೆ ಇದು ಗೊತ್ತಾಗಿದ್ದರೆ ನನ್ನ ಮರ್ಯಾದೆ ಏನಾಗುತ್ತಿತ್ತೋ.

ಇಷ್ಟವಿಲ್ಲದವರು ಮನೆಯಲ್ಲಿ ಒಬ್ಬರೇ, ನಮ್ಮ ಮಾವ. ಸಂತೇಪೇಟೆಯಲ್ಲಿ ಬೇಳೆಕಾಳಿನ ಮಂಡಿ ಇಟ್ಟಿದ್ದವರು, ಅದನ್ನು ಬಿಟ್ಟುಕೊಟ್ಟು ಮನೆಯಲ್ಲಿದ್ದರು. ನಸುಕಿಗೇ ಎದ್ದು ಹೂವು ಬಿಡಿಸಿ, ಸ್ನಾನ ಮಾಡಿ, ಹಣೆತುಂಬ ವಿಭೂತಿ ಇಟ್ಟು ಶಿವಪೂಜೆಗೆ ಕೂತರೆ ಏಳೋದು ತಿಂಡಿಗೇ. ‘ಸೊಸೆ ಕಾರು ಓಡಿಸ್ತಾಳೆ, ಮಗ ಸ್ಕೂಟರಲ್ಲಿ ಹೋಗ್ತಾನೆ ಅಂದ್ರೆ ಸಂತೇಪೇಟೇಲಿ ನನ್ನ ಏನಂದಾರು?’ ಅನ್ನೋದೊಂದೇ ಅವರ ಮಾತು. ಮಠಕ್ಕೆ ಹೋಗಬೇಕಾದರೂ ಆಟೋ ಹತ್ತುತ್ತಿದ್ದರೇ ಹೊರತು ನನ್ನ ಕಾರಿನ ಬಾಗಿಲು ಮುಟ್ಟುತ್ತಿರಲಿಲ್ಲ. ನಾನೂ ಏನು ಕಡಿಮೆ ಜಂಬದವಳೇ? ‘ಬನ್ನಿ ಮಾವ’ ಅಂತ ಒಂದು ಸಲ ಕರೆದೆ, ಎರಡನೇ ಸಲ ಕರೆಯಲಿಲ್ಲ.

ಆಷಾಢದಲ್ಲಿ ಒಂದು ಸಂಜೆ ಡೀಸೆಲ್ ಮುಗಿದು ರಿಂಗ್ ರೋಡಿನಲ್ಲಿ ನಿಂತುಬಿಟ್ಟೆ. ಜೋರು ಮಳೆ. ಯಾರೋ ಪುಣ್ಯಾತ್ಮರು ಕ್ಯಾನಿನಲ್ಲಿ ತಂದುಕೊಟ್ಟು ಮನೆ ಸೇರೋ ಹೊತ್ತಿಗೆ ಕತ್ತಲಾಗಿತ್ತು, ನಾನು ತೊಯ್ದು ತೊಪ್ಪೆಯಾಗಿದ್ದೆ. ಮಾವ ಕೊಡೆ ಹಿಡಿದು ಗೇಟಿನ ಹೊರಗೆ ನಿಂತಿದ್ದರು. ಒಂದು ಮಾತು ‘ಏನಾಯ್ತು’ ಅನ್ನಬಾರದೇ? ‘ಹೆಣ್ಣುಮಕ್ಕಳಿಗೆ ಇದೆಲ್ಲಾ ಬೇಕಾ’ ಅಂತ ಬೀದಿಗೆ ಕೇಳುವ ಹಾಗೆ ಬೈದು ಒಳಗೆ ಹೋದರು. ನಾನು ಆ ಸಿಟ್ಟಿಗೆ ಎರಡು ದಿನ ಅವರ ತಟ್ಟೆಗೆ ತುಪ್ಪ ಬಡಿಸಲಿಲ್ಲ.

ಅದಾಗಿ ಕೆಲವೇ ವಾರಕ್ಕೆ ಶುರುವಾಯ್ತು ಹೊಗೆ. ಮೊದಮೊದಲು ಸ್ಟಾರ್ಟ್ ಮಾಡಿದಾಗ ಒಂಚೂರು. ಆಮೇಲೆ ಸಿಗ್ನಲ್ಲಿನಲ್ಲಿ ನಿಂತು ಹೊರಟರೆ ಭಗ್ ಅಂತ ಒಂದು ಮೋಡ. ಗೌರಿ ಹಬ್ಬದ ಹೊತ್ತಿಗೆ ನನ್ನ ಹಿಂದಿನ ಕನ್ನಡಿಯಲ್ಲಿ ಮೈಸೂರೇ ಕಾಣುತ್ತಿರಲಿಲ್ಲ. ‘ಮೇಡಂ, ಧೂಪ ಸಾಕು, ಮಂಗಳಾರತಿ ಮಾಡ್ಬುಡಿ!’ ಅಂತ ಆಟೋದವನೊಬ್ಬ ಕೂಗಿಕೊಂಡು ಹೋದ. ಪೊಲೀಸಿನವರು ಹಿಡಿಯೋಕೆ ಬಂದು, ಕೆಮ್ಮು ತಡೆಯಲಾರದೆ, ಕೈಯಲ್ಲೇ ಹೋಗಿ ಹೋಗಿ ಅಂದರು.

ಎದುರುಮನೆಯಾಕೆ ಒಂದು ಭಾನುವಾರ ನೇರ ಮಾವನ ಹತ್ತಿರವೇ ಬಂದರು. ‘ನಮ್ಮ ಯಜಮಾನ್ರಿಗೆ ಮೊದಲೇ ಉಬ್ಬಸ ಕಣ್ರೀ’ ಅಂದರು. ಅವರು ಹೋದಮೇಲೆ ಮಾವ ನಡುಮನೆಯಲ್ಲಿ ತೀರ್ಮಾನ ಹೇಳಿಬಿಟ್ಟರು. ‘ಸಂತೇಪೇಟೆ ದಳ್ಳಾಳಿಗೆ ಮಾತು ಕೊಟ್ಟಿದೀನಿ. ಹುಣಸೂರಿಂದ ಗಿರಾಕಿ ಬರ್ತಾರೆ. ದಸರಾ ಒಳಗೆ ಹೊಗೆ ನಿಂತ್ರೆ ಸರಿ. ಇಲ್ದಿದ್ರೆ ಆಯುಧಪೂಜೆ ಮಾಡಿಸ್ಕೊಂಡು ಹೊಂಟೋಗ್ಲಿ ಬುಡು, ಆ ಗಾಡಿ.’ ನಮ್ಮ ಮನೆಯಲ್ಲಿ ಮಾವ ಒಂದು ಮಾತು ಆಡಿದರೆ ಆಯ್ತು. ನಾನು ಯಜಮಾನರ ಮುಖ ನೋಡಿದೆ. ಅವರು ಪೇಪರಿನ ಒಳಗೆ ಮುಖ ಹಾಕಿದರು. ನಾನು ಕೈಯಲ್ಲಿದ್ದ ಲೋಟವನ್ನು ಸಿಂಕಿಗೆ ಎಸೆದ ಸದ್ದಿಗೆ ಅತ್ತೆ ‘ಶಿವಾ’ ಅಂದರು. ಅಳು ಬಂತು, ಸುಳ್ಳು ಯಾಕೆ ಹೇಳಲಿ. ಆ ಕಾರು ಹೋದರೆ ನಾನು ಮತ್ತೆ ಸಿಟಿಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡಬೇಕು, ಅದಿರಲಿ. ಆ ‘ಓಹೋ’ ನನ್ನ ಬಾಳಿಂದಲೇ ಹೋಗಿಬಿಡುತ್ತಿತ್ತು.

ಸರಿ, ನೋಡೇಬಿಡೋಣ ಅಂತ ಸೆರಗು ಸಿಕ್ಕಿಸಿದೆ. ಹೊಗೆಯ ಬಣ್ಣ ನೋಡಿ ರೋಗ ಹೇಳಬಹುದು ಅಂತ ಗೊತ್ತಿತ್ತು. ಕಪ್ಪಾಗಿದ್ದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಬೆಳ್ಳಗೆ ಆವಿಯ ಹಾಗಿದ್ದರೆ ಎಲ್ಲೋ ನೀರು ಸೇರ್ತಿದೆ. ನೀಲಿಯಾದರೆ ಎಂಜಿನ್ ಆಯಿಲ್ ಉರೀತಿದೆ. ಆದರೆ ನಮ್ಮನೆಯಲ್ಲಿ ಬಣ್ಣ ಯಾವುದು ಅಂತಲೇ ಒಮ್ಮತ ಇಲ್ಲ! ಯಜಮಾನರು ‘ಬಿಳಿ’ ಅಂದರು. ಅತ್ತೆ ‘ಬೂದಿ’ ಅಂದರು. ಎದುರುಮನೆಯಾಕೆ ಕಿಟಕಿಯಿಂದಲೇ ‘ಕಪ್ಪು ಕಣ್ರೀ, ನನ್ನ ಬಿಳಿ ಸೀರೆ ನೋಡಿ ಬೇಕಾದ್ರೆ’ ಅಂದರು. ನಾನು ಯಜಮಾನರ ಬಿಳಿ ಪಂಚೆಯೊಂದನ್ನು ಒದ್ದೆ ಮಾಡಿ, ಸೈಲೆನ್ಸರ್ ಹಿಂದೆ ಎರಡು ಕೈಯಲ್ಲಿ ಹಿಡಿದು ನಿಂತೆ. ಯಜಮಾನರು ಒಳಗೆ ಕೂತು ಎಕ್ಸಲರೇಟರ್ ಒತ್ತಿದರು. ಪಂಚೆಯ ಮೇಲೆ ಮಸಿ ಕೂರಲಿಲ್ಲ. ಜಿಡ್ಡು ಕೂತಿತು, ಸುಟ್ಟ ಎಣ್ಣೆಯ ಘಾಟು ಹೊಡೆಯಿತು. ಬಿಳಿ ಪಂಚೆಯ ಎದುರಿಗೆ, ಬೆಳಕಿನಲ್ಲಿ ನೋಡಿದರೆ ಹೊಗೆ ಖಂಡಿತ ನೀಲಿ. ‘ನೀಲಿ! ನೀಲಿ!’ ಅಂತ ನಾನು ಬೀದಿಯಲ್ಲಿ ಕುಣಿದೆ. ಪಂಚೆ ಹೋಯ್ತಲ್ಲ ಅಂತ ಯಜಮಾನರು ಸಪ್ಪಗಾದರು.

ಆಯಿಲ್ ಉರೀತಿದೆ ಅಂದಮೇಲೆ ಆಯಿಲ್ ಕಮ್ಮಿಯಾಗಲೇಬೇಕಲ್ಲ. ಬಾನೆಟ್ ಎತ್ತಿ, ಆಯಿಲ್ ಎಷ್ಟಿದೆ ಅಂತ ನೋಡೋ ಆ ಉದ್ದನೆ ಕಡ್ಡಿ ಎಳೆದೆ. ಅದರಲ್ಲಿ ಎರಡು ಗೆರೆ; ಮೇಲಿನ ಗೆರೆಗೆ ಸರಿಯಾಗಿ ಆಯಿಲ್ ನಿಂತಿತ್ತು. ಮಾರನೇ ಬೆಳಿಗ್ಗೆ ಶಾಲೆಗೆ ಹೊರಡುವಾಗ ನೋಡಿದೆ, ಅದೇ ಗೆರೆ. ವಾರಪೂರ್ತಿ ನೋಡಿದೆ, ಅದೇ ಗೆರೆ! ಸಿದ್ಧಾರ್ಥನಗರದವರೆಗೂ ಮೋಡ ಬಿಟ್ಟುಕೊಂಡು ಹೋಗಿ ಬರ್ತೀನಿ, ಬೆಳಗಾದರೆ ಒಂದು ಹನಿ ಕಮ್ಮಿ ಇಲ್ಲ. ವಸ್ತು ಎಲ್ಲಿಂದಲೋ ಹುಟ್ಟಲ್ಲ, ಎಲ್ಲಿಗೋ ಮಾಯವಾಗಲ್ಲ ಅಂತ ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಮಕ್ಕಳ ಕೈಲಿ ಬಾಯಿಪಾಠ ಮಾಡಿಸೋಳು ನಾನು. ನನ್ನ ಮನೆಯ ಅಂಗಳದಲ್ಲೇ ಅಕ್ಷಯಪಾತ್ರೆ ನಿಂತಿದೆಯಲ್ಲ! ತರಗತಿಯಲ್ಲಿ ಆ ಪಾಠ ಹೇಳುವಾಗ ನನಗೇ ಅನುಮಾನ ಬಂದು ನಗು ಉಕ್ಕಿತು. ಮಕ್ಕಳೂ ನಕ್ಕವು, ಯಾಕೆ ಅಂತ ಅವಕ್ಕೂ ಗೊತ್ತಿಲ್ಲ.

ಗ್ಯಾರೇಜಿನವರ ಹತ್ತಿರ ಹೋದೆ. ಅವರು ಹೊಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದು, ಟರ್ಬೊಗೆ ಹೋಗೋ ಗಾಳಿ ಪೈಪು ಬಿಚ್ಚಿ ಬೆರಳು ಹಾಕಿದರು. ಬೆರಳು ಎಣ್ಣೆಯಲ್ಲಿ ಮಿಂದು ಬಂತು. ‘ಟರ್ಬೊ ಸೀಲ್ ಹೋಗಿ ಎಣ್ಣೆ ಸೋರ್ತಿದೆ ಮೇಡಂ. ಬಿಚ್ಚಿ ಬೆಂಗಳೂರಿಗೆ ಕಳಿಸ್ಬೇಕು. ದಸರಾ ಮುಗೀಲಿ’ ಅಂದರು. ‘ಸೀಲ್ ಹೋದ್ರೆ ಆಯಿಲ್ ಕಮ್ಮಿ ಆಗ್ಬೇಕಲ್ವಾ?’ ಅಂದೆ. ‘ಆಗ್ಬೇಕು’ ಅಂದರು. ‘ಆಗ್ತಿಲ್ಲವಲ್ಲ!’ ಅಂದೆ. ಅವರು ನನ್ನ ಮುಖ, ಕಾರಿನ ಮುಖ ಎರಡೂ ನೋಡಿ, ‘ಏನೋ ದೇವರ ದಯೆ ಬಿಡಿ’ ಅಂದರು. ಇಬ್ಬರೂ ಸೇರಿ ನಕ್ಕೆವು. ಆದರೆ ಮನೆಗೆ ಬರೋ ದಾರಿಯಲ್ಲಿ ನನ್ನ ನಗು ಇಂಗಿಹೋಯ್ತು. ದಸರಾ ಮುಗಿದರೆ ಕಾರೇ ಇರಲ್ಲವಲ್ಲ.

ಆಯುಧಪೂಜೆಯ ಹಿಂದಿನ ದಿನ ಸಂಜೆ ಕಾರು ತೊಳೆದೆವು. ನಮ್ಮ ಮನೆ ರಸ್ತೆಗಿಂತ ಎತ್ತರ. ಮೋರಿ ದಾಟಿ ಗೇಟಿಂದ ಒಳಗೆ ಕಾರು ನಿಲ್ಲೋ ಜಾಗವೆಲ್ಲ ಏರು. ಮೂತಿ ಮೇಲೆ ಮಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಹಿಂದಿನ ವರ್ಷ ಅಲ್ಲೇ ಪೂಜೆ ಮಾಡಿ, ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಉರುಳಿ ಮೋರಿಗೆ ಬಿದ್ದು, ಅದರ ಹಿಂದೆಯೇ ಬೂದುಗುಂಬಳಕಾಯಿಯೂ ಉರುಳಿ, ಯಜಮಾನರು ಅದರ ಹಿಂದೆ ಓಡಿ, ಬೀದಿಯೆಲ್ಲ ನಕ್ಕಿತ್ತು. ‘ಈ ಸಲ ಸಮನಾದ ಜಾಗದಲ್ಲಿ ನಿಲ್ಸಿ, ಕೊನೇ ಪೂಜೆ ಆದ್ರೂ ನೆಟ್ಟಗಾಗ್ಲಿ’ ಅಂದರು ಅತ್ತೆ. ಕೊನೇ ಪೂಜೆ ಅಂದದ್ದು ಚುಚ್ಚಿತು. ರಾತ್ರಿ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದೆ. ಮಾವ ಅಷ್ಟು ಹೊತ್ತಿಗೆ ಊಟ ಮಾಡಿ ಮಲಗಿದ್ದರು.

ನಸುಕಿಗೇ ಎಚ್ಚರವಾಯ್ತು. ಎದ್ದು ಹೊರಗೆ ಹೋದೆ. ಎಂಜಿನ್ನಿಗೂ ಅರಿಶಿನ ಕುಂಕುಮ ಇಡೋಣ ಅಂತ ಬಾನೆಟ್ ಎತ್ತಿದೆ, ಚಾಳಿಗೆ ಬಿದ್ದ ಕೈ, ಕಡ್ಡಿ ಎಳೆಯಿತು. ನೋಡ್ತೀನಿ, ಮೇಲಿನ ಗೆರೆ ಎಲ್ಲಿದೆ? ಮುಳುಗಿಹೋಗಿದೆ! ಗೆರೆ ದಾಟಿ ಇಷ್ಟುದ್ದ ಮೇಲಕ್ಕೆ ಆಯಿಲ್ ಹತ್ತಿದೆ. ಒರೆಸಿ ಮತ್ತೆ ಅದ್ದಿದೆ. ಅಷ್ಟೇ ಇದೆ. ತಿರುಗಿ ಗೇಟಿನೊಳಗಿನ ಏರು ನೋಡಿದೆ, ಆಗ ಹೊಳೀತು. ಏರಿನಲ್ಲಿ ಮೂತಿ ಮೇಲಾಗಿ ನಿಂತಾಗ ಆಯಿಲ್ಲೆಲ್ಲ ಹಿಂದಕ್ಕೆ ಸರಿದು, ಮುಂದಿರೋ ಕಡ್ಡಿಗೆ ಕಮ್ಮಿ ತೋರಿಸುತ್ತೆ! ಏರಿನಲ್ಲಿ ಗೆರೆಗೆ ಸರಿ ಅಂದರೆ ನಿಜವಾಗಿ ಇರಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಹೊಟ್ಟೆ ಬಿರಿಯುವಷ್ಟು ಕುಡಿಸಿದ ಆಯಿಲ್, ಎಂಜಿನ್ ಉಸಿರು ಬಿಡೋ ಪೈಪಿಂದ ಉಕ್ಕಿ ಟರ್ಬೊ ಗಾಳಿ ಜೊತೆ ಸೇರಿ ಉರೀತಿದೆ. ಅದೇ ನೀಲಿ ಹೊಗೆ. ಸೀಲೂ ಇಲ್ಲ, ಗೀಲೂ ಇಲ್ಲ! ಆದರೆ ಕುಡಿಸಿದವರು ಯಾರು?

ಅಷ್ಟರಲ್ಲಿ ಮನೆ ಬಾಗಿಲು ತೆರೆಯಿತು. ಮಾವ ಹೂವಿನ ಬುಟ್ಟಿ ಹಿಡಿದು ಬಂದರು. ದಾಸವಾಳದ ಗಿಡ ಇರೋದು ಎಡಗಡೆ. ಅವರು ನೇರ ಕಾರು ನಿಲ್ಲೋ ಜಾಗಕ್ಕೆ ಬಂದು, ಖಾಲಿ ನೆಲ ನೋಡಿ ಗಕ್ಕನೆ ನಿಂತರು. ಚಕ್ರದ ಕಲ್ಲು ನೋಡಿದರು. ತಲೆ ಎತ್ತಿದರೆ ಗೇಟಿನಾಚೆ ಕಾರು, ಅದರ ಪಕ್ಕ ಕಡ್ಡಿ ಹಿಡಿದು ನಿಂತ ನಾನು.

‘ಏನಮ್ಮ, ಇಷ್ಟೊತ್ತಿಗೆ?’ ಅಂದರು.

‘ನೀವೇನು ಮಾವ, ಇಷ್ಟೊತ್ತಿಗೆ?’

‘ಹೂವು.’

‘ಹೂವಿನ ಗಿಡ ಆ ಕಡೆ ಇದೆಯಲ್ಲ.’

‘ಹೌದಲ್ವಾ’ ಅಂದರು. ಆದರೆ ಕಾಲು ಕೀಳಲಿಲ್ಲ. ಬುಟ್ಟಿಯಲ್ಲಿ ಹಿಂದಿನ ದಿನದ್ದೇ ಒಂದು ನಾಲ್ಕು ಬಾಡಿದ ದಾಸವಾಳ. ನಾನು ಹತ್ತಿರ ಹೋಗಿ ಅದನ್ನು ಸರಿಸಿದೆ. ಕೆಳಗೆ ಆಯಿಲ್ ಡಬ್ಬ, ಒಂದು ಪುಟ್ಟ ಆಲಿಕೆ, ನೀಟಾಗಿ ಮಡಿಸಿದ ಚಿಂದಿ ಬಟ್ಟೆ. ಎಷ್ಟೋ ದಿನ ಅವರ ವಿಭೂತಿ ಪಕ್ಕ ಒಂದು ಕಪ್ಪು ಹೆಬ್ಬೆಟ್ಟಿನ ಗುರುತು ನೋಡಿ ದೀಪದ ಮಸಿ ಅಂದುಕೊಂಡಿದ್ದೆನಲ್ಲ!

‘ಯಾವಾಗಿಂದ ಮಾವ?’

‘ನೀನು ಮಳೇಲಿ ನೆನ್ಕೊಂಡು ಬಂದ್ಯಲ್ಲ, ಆವತ್ತಿಂದ. ಮಂಡೀಲಿ ನಮ್ದು ಲಾರಿ ಇತ್ತು ಕಣಮ್ಮ. ಬೆಳಿಗ್ಗೆ ಎದ್ದು ಎಣ್ಣೆ ನೋಡ್ದೆ ಗಾಡಿ ಕಳಿಸ್ಬಾರ್ದು ಅಂತ ನಮ್ಮ ಡ್ರೈವರ್ರು ಹೇಳೋನು. ಕಡ್ಡಿ ನೋಡ್ತೀನಿ, ಗೆರೆಗೆ ಬರ್ದಿದ್ರೆ ಚೂರು ಹಾಕ್ತೀನಿ. ಅಷ್ಟೇಯ.’

‘ಆವತ್ತು ಖಾಲಿಯಾಗಿದ್ದು ಡೀಸೆಲ್ ಮಾವ, ಆಯಿಲ್ ಅಲ್ಲ!’

‘ಅದೇನೋ ನಂಗೊತ್ತಿಲ್ಲ’ ಅಂದು ಅವರು ದಾಸವಾಳದ ಗಿಡ ನೋಡುತ್ತಾ ನಿಂತರು. ಆಮೇಲೆ ನನ್ನ ಮುಖ ನೋಡದೆಯೇ ಹೇಳಿದರು. ‘ಓಡಿಸ್ಬೇಡ ಅಂದೆ, ನೀನು ಕೇಳ್ಲಿಲ್ಲ. ಓಡಿಸ್ತೀಯ ಅಂದ್ಮೇಲೆ ನಡುದಾರೀಲಿ ನಿಂತ್ಬುಡಬಾರ್ದಲ್ಲಮ್ಮ ನೀನು.’

ಜಗಳಕ್ಕೆ ಅಂತ ಇಟ್ಟುಕೊಂಡಿದ್ದ ಮಾತೆಲ್ಲ ಎಲ್ಲೋ ಹೋಯ್ತು. ‘ಮತ್ತೆ ಮಾರಿಬಿಡಿ ಅಂದ್ರಲ್ಲ ಮಾವ?’ ಅಂದೆ.

‘ಎಷ್ಟು ಹಾಕಿದ್ರೂ ಬೆಳಗಾದ್ರೆ ಕಮ್ಮಿ ತೋರಿಸ್ತಿತ್ತು. ಮ್ಯಾಲೆ ಆ ಹೊಗೆ. ಎಲ್ಲಾದ್ರೂ ಬೆಂಕಿಗಿಂಕಿ ಹತ್ಕೊಂಡ್ರೆ ಅಂತ ಭಯ ಆಗೋಯ್ತು. ಹೋದ್ರೆ ಗಾಡಿ ಹೋಗ್ಲಿ ಅಂದೆ.’

ನಾನು ನಕ್ಕೆನೋ ಅತ್ತೆನೋ, ಎರಡೂ ಒಟ್ಟಿಗೆ ಬಂತು. ಅವರನ್ನು ಕಾರಿನ ಹತ್ತಿರ ಕರೆತಂದು ಕಡ್ಡಿ ಅದ್ದಿ ತೋರಿಸಿದೆ. ಏರು, ಸಮತಟ್ಟು ಎಲ್ಲ ಕೈ ಓರೆ ಮಾಡಿ ವಿವರಿಸಿದೆ. ಅವರು ಗೇಟಿನ ಕಡೆ ನೋಡಿದರು, ಕಡ್ಡಿ ನೋಡಿದರು, ಮೋರಿ ನೋಡಿದರು. ‘ಅಂಗಾದ್ರೆ ಹೊಗೆ ನಂದಾ?’ ಅಂದರು. ‘ನಿಮ್ಮದೇ’ ಅಂದೆ. ಹೊಟ್ಟೆ ಕುಣಿಸಿಕೊಂಡು ನಕ್ಕರು ನೋಡಿ! ಮದುವೆಯಾಗಿ ಬಂದಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಎದುರುಮನೆಯ ಕಿಟಕಿಯಲ್ಲಿ ದೀಪ ಹತ್ತಿತು.

ಯಜಮಾನರನ್ನು ಎಬ್ಬಿಸಿ ತಂದೆವು. ಅವರು ಲುಂಗಿಯಲ್ಲೇ ಕಾರಿನ ಕೆಳಗೆ ನುಸುಳಿ, ಬಚ್ಚಲ ಬೇಸನ್ನು ಇಟ್ಟುಕೊಂಡು, ಸ್ಕೂಟರಿನ ಪಾನಾ ಸಾಲದೆ ಪಕ್ಕದ ಮನೆಯಿಂದ ತಂದ ಪಾನಾದಲ್ಲಿ ಅಡಿಯ ಬೋಲ್ಟು ಸಡಿಲಿಸಿದರು. ಎಣ್ಣೆ ಬಂತು ಬಂತು ಬಂತು! ‘ಮುಚ್ಚಿ, ಸಾಕು ಮುಚ್ಚಿ’ ಅಂತ ನಾನು, ‘ಇನ್ನೊಂಚೂರು ಬಿಡ್ಲಿ’ ಅಂತ ಮಾವ, ‘ಹಬ್ಬದ ದಿನ ನನ್ನ ರಂಗೋಲಿ!’ ಅಂತ ಅತ್ತೆ. ಬೋಲ್ಟು ಹಾಕಿ ಯಜಮಾನರು ಹೊರಗೆ ಬಂದಾಗ ಅವರ ಮುಖದಲ್ಲಿ ಕಣ್ಣು ಬಿಟ್ಟರೆ ಏನೂ ಬಿಳಿ ಉಳಿದಿರಲಿಲ್ಲ. ಕಡ್ಡಿ ನೋಡಿದರೆ ಗೆರೆಗೆ ಸರಿಯಾಗಿತ್ತು.

ಪೂಜೆ ಆಯ್ತು. ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದೆ. ಪೈಪಿನಲ್ಲಿ ಉಳಿದಿದ್ದೆಲ್ಲ ಉರಿದುಹೋಗಲಿ ಅಂತ ಒಂದು ಸುತ್ತು ಹೊರಟೆವು. ಮಾವ ಯಾರೂ ಕರೆಯದೆ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕೂತರು. ಪಂಚೆ ಸರಿಮಾಡಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ‘ಹೂಂ’ ಅಂದರು. ಯಜಮಾನರು ಹಿಂದೆ ತಿರುಗಿ ಕೂತು ಜಂಬೂಸವಾರಿಯ ವಿವರಣೆ ಕೊಡುವ ಹಾಗೆ ಹೇಳುತ್ತಾ ಬಂದರು. ‘ಇದೆ... ಜೋರಾಗಿದೆ... ಎದುರುಮನೆಯವರು ಕಾಣ್ತಿಲ್ಲ... ಈಗ ಕಾಣ್ತಿದಾರೆ... ಕಮ್ಮಿಯಾಯ್ತು... ಇನ್ನೂ ಕಮ್ಮಿಯಾಯ್ತು...’ ರಿಂಗ್ ರೋಡಿಗೆ ಬರೋ ಹೊತ್ತಿಗೆ ‘ಇಲ್ಲ! ಏನೂ ಇಲ್ಲ ಕಣೇ!’ ಅಂತ ಕೂಗಿದರು. ನಾನು ಕಾಲು ಒತ್ತಿದೆ. ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ, ಆಮೇಲೆ ಶಿಳ್ಳೆ, ಆಮೇಲೆ ಬೆನ್ನಿಗೆ ಕೈ. ಮಾವ ಸೀಟಿಗೆ ಒರಗಿದರು.

‘ಇದೇನಾ ಅದು?’ ಅಂದರು.

‘ಇದೇ ಮಾವ, ಟರ್ಬೊ.’

‘ಇನ್ನೊಂದ್ಸಲ ಮಾಡು.’

ಮಾಡಿದೆ. ಅವರ ಬಾಯಿಂದ ಸಣ್ಣಗೆ ಒಂದು ‘ಓಹೋ’ ಬಂತು, ನನ್ನಾಣೆ.

ವಾಪಸು ಮನೆ ಕಡೆ ತಿರುಗಿಸೋಕೆ ಹೋದರೆ, ‘ಸಂತೇಪೇಟೆ ಕಡೆಯಿಂದ ಹೋಗಾನ’ ಅಂದರು. ಆಯುಧಪೂಜೆ ದಿನ ಅಲ್ಲಿ ಮಂಡಿಯವರೆಲ್ಲ ತಕ್ಕಡಿಗೆ ಹಾರ ಹಾಕಿ ಕಡಲೆಪುರಿ ಹಂಚುತ್ತಾ ಬೀದಿಯಲ್ಲೇ ಇರುತ್ತಾರೆ. ‘ನಿಧಾನಕ್ಕೆ ಹೋಗಮ್ಮ’ ಅಂದು ಗಾಜು ಪೂರ್ತಿ ಇಳಿಸಿ, ಮೊಣಕೈ ಹೊರಗಿಟ್ಟರು. ಅವರ ಹಳೇ ಮಂಡಿ ಮುಂದೆ ಆ ದಳ್ಳಾಳಿ ಓಡಿಬಂದು ಕಿಟಕಿಗೆ ಬಗ್ಗಿದ. ‘ಯಜಮಾನ್ರೇ, ನಾಡಿದ್ದು ಹುಣಸೂರಿನವ್ರನ್ನ ಕರ್ಕೊಂಡು ಬರ್ತೀನಿ, ಗಾಡಿಗೆ.’

‘ಹಿಂದೆ ಹೊಗೆ ಇದೆಯಾ ನೋಡು’ ಅಂದರು ಮಾವ.

ಅವನು ಹೋಗಿ ನೋಡಿ ಬಂದ. ‘ಇಲ್ವಲ್ಲ.’

‘ಹೊಗೆ ಇಲ್ಲ, ಏನಿಲ್ಲ. ಗಾಡಿ ನಮ್ಮ ಸೊಸೇದು ಕಣಯ್ಯ. ಮಾರಾಟಕ್ಕಿದ್ಯಾ ಅಂತ ಅವಳನ್ನೇ ಕೇಳು’ ಅಂದರು, ಇಡೀ ಬೀದಿಗೆ ಕೇಳುವ ಹಾಗೆ.

ಅವನು ನನ್ನ ಕಡೆ ತಿರುಗಿದ. ನಾನು ಕಾಲು ಒತ್ತಿದೆ.